ಮರಳಿ ಕಂಡ ಉದ್ಯಾನ



ಚಿಕ್ಕಂದಿನಲ್ಲಿ ಕಂಡುದನ್ನು ದೊಡ್ಡವರಾದ ಮೇಲೆ ಮತ್ತೊಮ್ಮೆ ಹೋಗಿ ಕಾಣುವುದು ಒಂದು ಬಗೆಯ ಸಾಹಸವೇ ಸರಿ. ಕಲಿತ ಶಾಲೆಯ ಅಂಗಳ, ಈಜು ಬಿದ್ದ ಬಾವಿ, ಊರ ಅಗಸೆಯ ಬಾಗಿಲು, ಜಾತ್ರೆಯ ತೇರು ಇವೆಲ್ಲವೂ ನೆನಪಿನಲ್ಲಿ ಒಂದು ಅಳತೆಯಲ್ಲಿರುತ್ತವೆ. ಕಣ್ಣೆದುರಿಗೆ ಬಂದಾಗ ಇನ್ನೊಂದು ಅಳತೆಯಲ್ಲಿ ನಿಲ್ಲುತ್ತವೆ. “ಇಷ್ಟೆಯೇ?” ಎಂಬ ಮಾತು ತಾನಾಗಿ ಬಾಯಿಂದ ಹೊರಡುತ್ತದೆ. ಆ ಮಾತಿನಲ್ಲಿ ಸ್ವಲ್ಪ ನಗೆಯೂ ಉಂಟು, ಸ್ವಲ್ಪ ದುಃಖವೂ ಉಂಟು. ಆದರೆ ನಾವು ಇಂದು ಹೇಳಬೇಕೆಂದಿರುವುದು ನಗೆಯ ಮಾತನ್ನೂ ಅಲ್ಲ, ದುಃಖದ ಮಾತನ್ನೂ ಅಲ್ಲ, ಅಳತೆಯ ಮಾತನ್ನು. ಬಾಲ್ಯದಲ್ಲಿ ಕಂಡ ಒಂದು ಸಾರ್ವಜನಿಕ ಉದ್ಯಾನವನ್ನು ಬಹುವರ್ಷಗಳ ಮೇಲೆ ಮರಳಿ ಕಂಡಾಗ, ನಿಜವಾಗಿ ಕುಗ್ಗಿದ್ದು ಏನು, ಕುಗ್ಗಿದಂತೆ ತೋರಿದ್ದು ಏನು, ಕುಗ್ಗದೆ ಉಳಿದದ್ದು ಏನು ಎಂಬುದೇ ಈ ಹೊತ್ತಿನ ವಿಚಾರ.

ನಮ್ಮ ಊರು ಯಡ್ರಾಮಿ. ಜೇವರ್ಗಿಯ ಸೀಮೆಗೆ ಸೇರಿದ ಊರು. ಈಚೆಗೆ ಅದೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ನಾವು ಹೇಳುವ ಕಾಲಕ್ಕೆ ಆ ಗೌರವವು ಅದಕ್ಕೆ ಬಂದಿರಲಿಲ್ಲ. ಸುತ್ತಲೂ ಎರೆಯ ಭೂಮಿ. ಮಳೆಯಾದರೆ ಕಾಲು ಹಿಡಿಯುವುದು, ಬಿಸಿಲಾದರೆ ಬಾಯಿಬಿಡುವುದು. ಜೋಳ ಮತ್ತು ತೊಗರಿಯ ಹೊಲಗಳು ದಿಗಂತದವರೆಗೂ ಹಬ್ಬಿಕೊಂಡಿರುತ್ತವೆ. ಸುಗ್ಗಿ ಮುಗಿದ ಮೇಲೆ ಆ ಕರಿಯ ಬಯಲಿನಲ್ಲಿ ಕಣ್ಣಿಗೆ ಆಸರೆಯಾಗಿ ನಿಲ್ಲುವುವು ಬೆರಳೆಣಿಕೆಯ ಮರಗಳು ಮಾತ್ರ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ನೂರು ವರ್ಷದ ಹುಣಿಸೆಯೂ ಗಿಡವೇ, ನಿನ್ನೆ ನೆಟ್ಟ ತುಳಸಿಯೂ ಗಿಡವೇ. ಆ ಗಿಡಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಒಡೆಯನಿದ್ದನು, ಇಲ್ಲವೇ ಒಂದು ದೇವರಿದ್ದಿತು. ಬದುವಿನ ಹುಣಿಸೆ ಗೌಡರದು, ಬನ್ನಿ ದೇವಿಯದು, ಮನೆಯ ಮುಂದಿನ ಬೇವು ಮನೆಯವರದು. ಜಾಲಿಯೊಂದು ಮಾತ್ರ ಯಾರದೂ ಅಲ್ಲದುದರಿಂದ ಎಲ್ಲರ ಕೊಡಲಿಗೂ ಸಿಕ್ಕುತ್ತಿತ್ತು. ಹಣ್ಣಿಗಾಗಿ, ಉರುವಲಿಗಾಗಿ, ಗಳೆಯ ಸಾಮಾನಿಗಾಗಿ, ಪೂಜೆಗಾಗಿ ಗಿಡವಿರಬೇಕೆಂದು ನಾವು ಬಲ್ಲೆವು. ಬರಿದೆ ನೋಡುವುದಕ್ಕೂ, ಅದರ ಕೆಳಗೆ ಸುಮ್ಮನೆ ಕುಳಿತಿರುವುದಕ್ಕೂ ಗಿಡವನ್ನು ನೆಟ್ಟು ನೀರೆರೆಯುವರೆಂಬುದು ನಮ್ಮ ಊಹೆಗೂ ನಿಲುಕದ ಸಂಗತಿಯಾಗಿತ್ತು. ಉದ್ಯಾನವೆಂಬುದು ಪಾಠದ ಪುಸ್ತಕದಲ್ಲಿ ರಾಜಕುಮಾರಿಯರು ವಿಹರಿಸುವ ಸ್ಥಳ. ಯಡ್ರಾಮಿಗೆ ಅದರ ಸಂಬಂಧವಿರಲಿಲ್ಲ.

ಹೋಳಿ ಹುಣ್ಣಿಮೆಯ ಬಳಿಕ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ನಮಗೆ ಏಳು ವರ್ಷವಾಗಿದ್ದಾಗ ಮನೆಯ ಹಿರಿಯರು ನಮ್ಮನ್ನು ಆ ಜಾತ್ರೆಗೆ ಕರೆದುಕೊಂಡು ಹೋದರು. ಜೇವರ್ಗಿಯನ್ನು ಹಾಯ್ದು, ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿ, ಫರಹತಾಬಾದದ ಮಾರ್ಗವಾಗಿ ಪಟ್ಟಣವನ್ನು ಸೇರುವ ಹೊತ್ತಿಗೆ ಮೈಯೆಲ್ಲ ಕೆಂಧೂಳಿ. ಕಲಬುರಗಿಯು ಸಾಮಾನ್ಯವಾದ ಪಟ್ಟಣವಲ್ಲ. 1347ರಲ್ಲಿ ಬಹಮನೀ ರಾಜ್ಯವು ತಲೆಯೆತ್ತಿದಾಗ ಅದರ ಮೊದಲ ರಾಜಧಾನಿಯಾದ ನಗರವದು. ಕೋಟೆ, ಜಾಮಿ ಮಸೀದಿ, ಖಾಜಾ ಬಂದೇನವಾಜರ ದರ್ಗಾ, ಶರಣರ ಗುಡಿ, ಗುಡಿಯ ಬಳಿಯ ಕೆರೆ, ಇವುಗಳನ್ನೆಲ್ಲ ಹೊಂದಿದ ನಗರ. ಆದರೆ ಏಳು ವರ್ಷದ ಹುಡುಗನಿಗೆ ಇತಿಹಾಸವು ಕಾಣುವುದಿಲ್ಲ. ನಮಗೆ ಕಂಡುದು, ಜಾತ್ರೆಯ ಮರುದಿನ ಮಧ್ಯಾಹ್ನ ಬುತ್ತಿಯ ಗಂಟನ್ನು ಬಿಚ್ಚುವುದಕ್ಕೆಂದು ಹೋಗಿ ಕುಳಿತ ಒಂದು ತೋಟ.

ಅದರ ಹೆಸರು ಮಹಬೂಬ್ ಗುಲ್ಶನ್. 1869ರಿಂದ 1911ರವರೆಗೆ ಹೈದರಾಬಾದು ಸಂಸ್ಥಾನವನ್ನು ಆಳಿದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಅದರಲ್ಲಿ ಸೇರಿದೆ; ಗುಲ್ಶನ್ ಎಂದರೆ ಪಾರಸೀ ಭಾಷೆಯಲ್ಲಿ ಹೂದೋಟ. ಜನರು ಮಾತ್ರ ಅದನ್ನು ಪಬ್ಲಿಕ್ ಗಾರ್ಡನ್ ಎಂದೇ ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ. ಬೆಂಗಳೂರಿನ ಕಬ್ಬನ್ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಟ್ಟರೂ ಜನರ ನಾಲಗೆಯಲ್ಲಿ ಕಬ್ಬನ್ ಪಾರ್ಕೇ ಉಳಿದುಕೊಂಡಂತೆ, ಇಲ್ಲಿಯೂ ದಫ್ತರದ ಹೆಸರು ಒಂದು, ನಾಲಗೆಯ ಹೆಸರು ಒಂದು. ನಾಲಗೆಯ ಹೆಸರಿನಲ್ಲಿ ಒಂದು ಸತ್ಯವಿದೆ: ಅದು ಹಾಕಿಸಿದವರನ್ನಲ್ಲ, ಬಳಸುವವರನ್ನು ಹೇಳುತ್ತದೆ.

ಆ ಮಧ್ಯಾಹ್ನ ನಮ್ಮನ್ನು ಬೆರಗುಗೊಳಿಸಿದುದು ಹೂವಲ್ಲ, ನೀರು. ಮಾಲಿಯೊಬ್ಬನು ಕೊಳವೆಯನ್ನು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದನು. ಹುಲ್ಲಿಗೆ ನೀರು! ನಮ್ಮ ಊರಿನಲ್ಲಿ ಆ ಕಾಲಕ್ಕೆ ಹೆಂಗಸರು ಕೊಡಕ್ಕಾಗಿ ಬಾವಿಯ ಕಟ್ಟೆಯಲ್ಲಿ ಸರದಿ ಕಾಯುತ್ತಿದ್ದರು. ನಮ್ಮ ಆಯಿ, ಎಂದರೆ ತಂದೆಯ ತಾಯಿ, ಬಹಳ ಹೊತ್ತು ಅದನ್ನೇ ನೋಡುತ್ತಿದ್ದು ಕೊನೆಗೆ ಮಾಲಿಯನ್ನು ಕೇಳಿದಳು: “ತಮ್ಮಾ, ಇದು ಯಾರ ತ್ವಾಟ?”

“ಯಾರದೂ ಅಲ್ಲ ಬೇ ಯವ್ವಾ, ಎಲ್ಲಾರ್ದೂ,” ಎಂದನು ಅವನು.

“ಎಲ್ಲಾರ್ದೂ ಅಂದ್ರ? ರೊಕ್ಕ ಕೊಡಬೇಕೇನು ಕುಂತಿದ್ದಕ್ಕ?”

“ನೆಳ್ಳಿಗೆ ಯಾರು ರೊಕ್ಕ ಕೇಳ್ತಾರ ಯವ್ವಾ?”

ಆಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದು ಶರಣರ ಹೊಲ ಇದ್ದಂಗ,” ಎಂದು ರೊಟ್ಟಿಯ ಗಂಟನ್ನು ಬಿಚ್ಚಿದಳು. ತಿನ್ನುವ ಮೊದಲು ಒಂದು ತುಣುಕನ್ನು ಗುಬ್ಬಿಗಳಿಗೆ ಎಸೆದಳು.

ಈ ಮಾತಿನ ಅರ್ಥವನ್ನು ಕೆಲವು ಶ್ರೋತೃಗಳಿಗೆ ವಿವರಿಸಬೇಕಾದೀತು. ಶರಣಬಸವೇಶ್ವರರು ನಮ್ಮ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದರು. ಕಲಬುರಗಿಯಲ್ಲಿ ನೆಲಸಿ 1822ರಲ್ಲಿ ಲಿಂಗೈಕ್ಯರಾದರು. ಕೃಷಿಕರು, ದಾಸೋಹಿಗಳು. ಅವರನ್ನು ಕುರಿತು ನಮ್ಮ ಕಡೆಯ ಮನೆಮನೆಯಲ್ಲಿ ಹೇಳುವ ಒಂದು ಕಥೆಯುಂಟು. ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಎಲ್ಲರೂ ಕವಣೆ ಹಿಡಿದು ಹಕ್ಕಿಗಳನ್ನು ಓಡಿಸುತ್ತಿದ್ದರೆ, ಶರಣರು ತಮ್ಮ ಹೊಲಕ್ಕೆ ಹಕ್ಕಿಗಳನ್ನು ಕರೆದು, ತಿಂದ ಮೇಲೆ ಕುಡಿಯಲೆಂದು ನೀರನ್ನೂ ಇಟ್ಟರಂತೆ. ಕೊನೆಗೆ ರಾಶಿಯಾದಾಗ ಅವರ ಕಣದಲ್ಲಿ ಕಾಳು ಕಡಮೆಯಾಗಲಿಲ್ಲವಂತೆ. ಕಥೆಯ ಪವಾಡವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಒಡೆಯನಿರುವ ಹೊಲವನ್ನು ಒಡೆಯನೇ ಎಲ್ಲರದನ್ನಾಗಿ ಮಾಡಬಹುದೆಂಬ ಭಾವನೆಯು ಮಾತ್ರ ಆ ಕಥೆಯಿಂದ ನಮ್ಮ ಜನದ ಮನಸ್ಸಿನಲ್ಲಿ ಬೇರೂರಿದೆ. ಅಕ್ಷರವನ್ನು ಕಾಣದ ಆಯಿಗೆ ‘ಸಾರ್ವಜನಿಕ’ ಎಂಬ ಶಬ್ದವು ತಿಳಿಯದು. ಆದರೆ ದಾಸೋಹವು ತಿಳಿಯುತ್ತಿತ್ತು. ಅನ್ನದ ದಾಸೋಹವನ್ನು ಕಂಡಿದ್ದವಳು ಆ ದಿನ ನೆರಳಿನ ದಾಸೋಹವನ್ನು ಗುರುತಿಸಿದಳು. ಸಾರ್ವಜನಿಕ ಉದ್ಯಾನವನ್ನು ಕುರಿತು ಆ ಬಳಿಕ ನಾವು ಓದಿದ ಯಾವ ಗ್ರಂಥದಲ್ಲಿಯೂ ಅದಕ್ಕಿಂತ ಸರಿಯಾದ ಲಕ್ಷಣವನ್ನು ಕಾಣಲಿಲ್ಲ.

ಊಟವಾದ ಮೇಲೆ ನಾವು ಒಂದು ಕೆಲಸವನ್ನು ಮಾಡಿದೆವು. ಆ ವರ್ಷವೇ ಶಾಲೆಯಲ್ಲಿ ಎಣಿಕೆಯನ್ನು ಗಟ್ಟಿಯಾಗಿ ಕಲಿತಿದ್ದುದರಿಂದ ಕಂಡುದನ್ನೆಲ್ಲ ಎಣಿಸುವ ಚಟ ಹತ್ತಿತ್ತು. ಒಂದು ದಾರಿಯ ಬದಿಗೆ ಬೇವಿನ ಸಾಲೊಂದಿತ್ತು. ಒಂದೊಂದು ಗಿಡವನ್ನೂ ಮುಟ್ಟಿ ಮುಟ್ಟಿ ಎಣಿಸಿದೆವು, 17 ಆದವು. ಊರಿಗೆ ಹಿಂದಿರುಗಿದ ಮೇಲೆ ಗೆಳೆಯರ ಮುಂದೆ ಈ ಸಂಖ್ಯೆಯನ್ನು ಬಹಳ ಬಿಂಕದಿಂದ ಹೇಳಿಕೊಂಡೆವು. ಯಡ್ರಾಮಿಯಲ್ಲಿ ಒಂದೇ ಸಾಲಿನಲ್ಲಿ 17 ಬೇವುಗಳನ್ನು ಕಂಡವರು ಯಾರೂ ಇರಲಿಲ್ಲ.

ಕಾಲವು ಕಳೆಯಿತು. ಓದು, ಉದ್ಯೋಗ, ಸಂಸಾರ ಇವು ನಮ್ಮನ್ನು ದೂರದ ಊರುಗಳಿಗೆ ಒಯ್ದವು. ಬಹುವರ್ಷಗಳ ಮೇಲೆ ಕಲಬುರಗಿಯಲ್ಲಿ ಒಂದು ದಿನ ಉಳಿಯಬೇಕಾದ ಪ್ರಸಂಗವು ಬಂದಾಗ, ಸಂಜೆಯ ಹೊತ್ತಿಗೆ ಕಾಲುಗಳು ತಾವಾಗಿಯೇ ಆ ತೋಟದ ಕಡೆಗೆ ನಡೆದವು. ಒಳಗೆ ಹೊಕ್ಕ ಕೂಡಲೆ ನಮ್ಮ ಬಾಯಿಂದಲೂ ಆ ಮಾತೇ ಹೊರಟಿತು: ಇಷ್ಟೆಯೇ? ಬಾಲ್ಯದಲ್ಲಿ ಒಂದು ಮಧ್ಯಾಹ್ನವೆಲ್ಲ ನಡೆದರೂ ಮುಗಿಯದಿದ್ದ ದಾರಿಯು ಈಗ ಮಾತು ಮುಗಿಯುವುದರೊಳಗೆ ಮುಗಿಯಿತು. ಕೋಟೆಯ ಗೋಡೆಯಂತಿದ್ದ ಗಿಡದ ಬೇಲಿಯು ಸೊಂಟದ ಮಟ್ಟಕ್ಕೆ ಬಂದಿತು. ಸಮುದ್ರದಂತಿದ್ದ ಹುಲ್ಲುಹಾಸು ಒಂದು ಹುಲ್ಲುಹಾಸು ಮಾತ್ರವಾಗಿ ನಿಂತಿತು.

ಇದರ ಕಾರಣವನ್ನು ತಿಳಿಯುವುದೇನೂ ಕಷ್ಟವಲ್ಲ. ಏಳು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ನಾಲ್ಕಡಿಯ ಬೇಲಿ ಅದಕ್ಕೆ ಆಕಾಶವನ್ನು ಮುಟ್ಟುವ ಗೋಡೆ. ಮಗುವಿನ ಹೆಜ್ಜೆ ಗಿಡ್ಡ. ಅದೇ ದಾರಿಗೆ ದೊಡ್ಡವರು ಇಡುವ ಹೆಜ್ಜೆಗಳಿಗಿಂತ ಎಷ್ಟೋ ಹೆಚ್ಚು ಹೆಜ್ಜೆಗಳು ಅದಕ್ಕೆ ಬೇಕು. ಇನ್ನು ಹೊತ್ತಿನ ಅಳತೆಯಾದರೋ, ಏಳು ವರ್ಷ ಬದುಕಿದವನಿಗೆ ಒಂದು ವರ್ಷವೆಂದರೆ ಆಯುಷ್ಯದ ಏಳನೆಯ ಒಂದು ಪಾಲು. ಐವತ್ತು ಬದುಕಿದವನಿಗೆ ಐವತ್ತನೆಯ ಒಂದು ಪಾಲು. ಹೀಗಾಗಿ ನೆಲವು ಒಂದು ಅಂಗುಲವೂ ಕದಲದಿದ್ದರೂ ಉದ್ಯಾನವು ಕುಗ್ಗಿಯೇ ಕುಗ್ಗುತ್ತದೆ. ಇದು ಕಣ್ಣಿನ ಕುಗ್ಗುವಿಕೆ. ಇದಕ್ಕೆ ಯಾರೂ ಹೊಣೆಯಲ್ಲ, ಚಿಂತಿಸಬೇಕಾದ್ದೂ ಇಲ್ಲ.

ಆದರೆ ಇಲ್ಲಿಯೇ ಒಂದು ಅಪಾಯವು ಅಡಗಿದೆ. ಹಳೆಯ ಸ್ಥಳಗಳೆಲ್ಲ ಚಿಕ್ಕದಾಗಿ ಕಾಣುವುವೆಂಬುದು ಎಲ್ಲರೂ ಒಪ್ಪಿದ ಮಾತಾದುದರಿಂದ, ಒಂದು ಉದ್ಯಾನವು ನಿಜವಾಗಿಯೇ ಚಿಕ್ಕದಾದಾಗ ಅದನ್ನು ಯಾರೂ ಗುರುತಿಸುವುದಿಲ್ಲ. “ಇದು ಮೊದಲು ದೊಡ್ಡದಾಗಿತ್ತು” ಎಂದು ಮುದುಕರೊಬ್ಬರು ಹೇಳಿದರೆ, “ಎಲ್ಲರಿಗೂ ಹಾಗೆಯೇ ತೋರುತ್ತದೆ, ಅಜ್ಜಾ” ಎಂದು ಕಿರಿಯರು ನಗುತ್ತಾರೆ. ಇಬ್ಬರ ಮಾತೂ ನಿಜವಾಗಿರಬಹುದು. ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಉದ್ಯಾನದ ಒಂದು ಮೂಲೆಯು ನೀರಿನ ತೊಟ್ಟಿಗೆ ಹೋಗುತ್ತದೆ, ಒಂದು ಮೂಲೆಯು ಕಚೇರಿಗೆ, ಒಂದು ಮೂಲೆಯು ವಾಹನಗಳಿಗೆ. ಪ್ರತಿಯೊಂದಕ್ಕೂ ಒಳ್ಳೆಯ ಕಾರಣವಿರುತ್ತದೆ. ಕೆಟ್ಟ ಕಾರಣಕ್ಕಾಗಿ ಉದ್ಯಾನವು ಹೋಗುವುದು ಅಪರೂಪ. ಒಳ್ಳೆಯ ಕಾರಣಗಳಿಗಾಗಿ ಹೋಗುವುದೇ ವಾಡಿಕೆ. ಹೈದರಾಬಾದಿನ ಬಾಗ್-ಎ-ಆಮ್ ಎಂಬ ಸಾರ್ವಜನಿಕ ಉದ್ಯಾನವನ್ನು ನೋಡಿರಿ. ಅದು 1846ರಷ್ಟು ಹಳೆಯದು. ಅದರ ಆವರಣದಲ್ಲಿ 1913ರಲ್ಲಿ ಪೂರ್ಣವಾದ ಪುರಭವನವು ಮುಂದೆ ಶಾಸನಸಭೆಯಾಯಿತು. ಬಳಿಕ ವಸ್ತುಸಂಗ್ರಹಾಲಯ ಬಂದಿತು, ಜುಬಿಲಿ ಹಾಲ್ ಬಂದಿತು. ಒಂದಕ್ಕಿಂತ ಒಂದು ಸುಂದರವಾದ ಕಟ್ಟಡ; ಒಂದನ್ನಾದರೂ ಬೇಡವೆನ್ನುವ ಧೈರ್ಯ ನಮಗಿಲ್ಲ. ಆದರೂ ಪ್ರತಿಯೊಂದು ಕಟ್ಟಡವೂ ತಾನು ನಿಂತಷ್ಟು ಜಾಗದಲ್ಲಿ ಒಂದು ಗಿಡಕ್ಕೆ ಅವಕಾಶವಿಲ್ಲದಂತೆ ಮಾಡುತ್ತದೆಂಬುದು ಲೆಕ್ಕದ ಮಾತು.

ಉದ್ಯಾನಗಳು ಕುಗ್ಗುವುದೇ ವಿಧಿಯೆಂದೂ ಯಾರೂ ತಿಳಿಯಬಾರದು. ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರ್ ಅಲಿಯು ಆರಂಭಿಸಿದಾಗ ಅದರ ವಿಸ್ತಾರವು 40 ಎಕರೆಯೆಂದು ಹೇಳುತ್ತಾರೆ. ಇಂದು ಅದು 240 ಎಕರೆ. 1856ರಲ್ಲಿ ಅದು ಸರಕಾರದ ಸಸ್ಯೋದ್ಯಾನವಾಯಿತು. 1908ರಿಂದ ಅದರ ಆಡಳಿತವನ್ನು ನಡೆಸಿದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವಾಗ ಇನ್ನೊಂದು ಜಾತಿಯದು ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರು. ತಾನು ನೆಟ್ಟ ಮರದ ಪೂರ್ಣ ನೆರಳಿನಲ್ಲಿ ತಾನು ಕುಳಿತುಕೊಳ್ಳುವೆನೆಂಬ ಆಸೆಯಿಂದ ಯಾರೂ ಅಂಥ ಕೆಲಸವನ್ನು ಮಾಡಲಾರರು. ಇನ್ನು ಗಡಿಯ ರಕ್ಷಣೆಗಾಗಿ 1975ರಲ್ಲಿ ಲಾಲ್‌ಬಾಗನ್ನೂ ಕಬ್ಬನ್ ಉದ್ಯಾನವನ್ನೂ ಒಳಗೊಂಡಂತೆ ಸರಕಾರಿ ಉದ್ಯಾನಗಳ ಸಂರಕ್ಷಣೆಯ ಕಾಯಿದೆಯು ಬಂದಿತು. 1985ರಲ್ಲಿ ಉದ್ಯಾನಗಳು, ಆಟದ ಬಯಲುಗಳು ಮತ್ತು ತೆರೆದ ಸ್ಥಳಗಳಿಗಾಗಿ ಇನ್ನೊಂದು ಕಾಯಿದೆಯು ಬಂದಿತು. ಕಾಯಿದೆಯೆಂದರೆ ಏನು? ನೆನಪಿಗೆ ಸಾಕ್ಷಿಯ ಬಲವಿಲ್ಲದುದರಿಂದ ಗಡಿಯನ್ನು ಕಾಗದದ ಮೇಲೆ ಬರೆದಿಡುವುದು, ಅಷ್ಟೆ. ಆದರೆ ಕಾಗದವು ತಾನಾಗಿ ಎದ್ದು ಬಂದು ಮಾತಾಡುವುದಿಲ್ಲ. ಅದನ್ನು ಓದಿ ಕೇಳುವ ನಾಗರಿಕನು ಬೇಕು.

ಇಷ್ಟಕ್ಕೂ ನೆರಳಿಗಾಗಿ ಇಷ್ಟು ಕಾಳಜಿಯೇಕೆ ಎಂದು ಕೇಳುವವರಿದ್ದಾರೆ. ಅಂಥವರು ಒಮ್ಮೆ ವೈಶಾಖದ ಮಧ್ಯಾಹ್ನ ಕಲಬುರಗಿಗೆ ಬರಬೇಕು. ಉಷ್ಣಮಾನವು 40 ಡಿಗ್ರಿಯನ್ನು ದಾಟುವ ಆ ದಿನಗಳಲ್ಲಿ ತಗಡಿನ ಚಪ್ಪರದ ನೆರಳೂ ನೆರಳೇ, ಬೇವಿನ ನೆರಳೂ ನೆರಳೇ. ಎರಡರ ವ್ಯತ್ಯಾಸವನ್ನು ನೆತ್ತಿಯು ಒಡನೆಯೇ ಹೇಳುತ್ತದೆ. ತಗಡು ತಾನು ಕಾದು ಕೆಳಗಿದ್ದವರನ್ನು ಕಾಯಿಸುತ್ತದೆ. ಮರವು ಬೇರಿನಿಂದ ಎಳೆದ ನೀರನ್ನು ಎಲೆಗಳಿಂದ ಆವಿಯಾಗಿ ಬಿಡುತ್ತದೆ. ಆವಿಯಾಗುವುದಕ್ಕೆ ಬೇಕಾದ ಕಾವನ್ನು ಸುತ್ತಲಿನ ಗಾಳಿಯಿಂದ ಸೆಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ರಹಸ್ಯವೂ ಇದೇ. ಒಂದು ಉದ್ಯಾನವೆಂದರೆ ನಗರದ ನಡುವೆ ಇಟ್ಟ ದೊಡ್ಡದೊಂದು ಗಡಿಗೆಯೆಂದು ತಿಳಿದರೆ ತಪ್ಪಿಲ್ಲ.

ಮರದ ಉಪಕಾರವು ಇಷ್ಟಕ್ಕೇ ಮುಗಿಯುವುದೆಂದೂ ಹೇಳುವಂತಿಲ್ಲ. ಮಹಬೂಬ್ ಅಲಿ ಖಾನರ ಕಾಲದಲ್ಲಿಯೇ, 1908ನೆಯ ಇಸವಿ ಸೆಪ್ಟೆಂಬರ್ ತಿಂಗಳ 28ರಂದು, ಹೈದರಾಬಾದಿನಲ್ಲಿ ಮೂಸೀ ನದಿಗೆ ಮಹಾಪೂರವು ಬಂದು ಸಾವಿರಾರು ಮಂದಿ ಕೊಚ್ಚಿಹೋದರು. ಅಫ್ಜಲ್‌ಗಂಜಿನ ಆಸ್ಪತ್ರೆಯ ಉದ್ಯಾನದಲ್ಲಿದ್ದ ಒಂದು ಹುಣಿಸೆಯ ಮರವನ್ನು ಹಿಡಿದುಕೊಂಡು 150 ಮಂದಿ ಬದುಕಿಕೊಂಡರೆಂದು ಹೇಳುತ್ತಾರೆ. ಆ ಸಸಿಯನ್ನು ನೆಟ್ಟವರು ಯಾರೋ. ಪ್ರವಾಹವನ್ನು ನೆನೆದು ಅವರು ಅದನ್ನು ನೆಟ್ಟಿರಲಾರರು. ಹುಣಿಸೆಹಣ್ಣಿನ ಆಸೆಯಿಂದಲೇ ನೆಟ್ಟಿರಬಹುದು. ಇಂಥ ದಿನಕ್ಕೆ ಇಂಥ ಪ್ರಯೋಜನವೆಂದು ಮೊದಲೇ ತೋರಿಸಿಕೊಡಿರೆಂದು ಮರಗಳನ್ನು ಕುರಿತು ವಾದಿಸುವವರು ಈ ಹುಣಿಸೆಯನ್ನು ನೆನೆಯಬೇಕು.

ಈಗ ನಮ್ಮ ತೋಟಕ್ಕೆ ಹಿಂದಿರುಗೋಣ. ಆ ಸಂಜೆ ಕಲ್ಲಿನ ಆಸನವೊಂದರ ಮೇಲೆ ಕುಳಿತು ನಾವು ಬಂದವರನ್ನು ನೋಡುತ್ತಿದ್ದೆವು. ಪರೀಕ್ಷೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯಾಡಿಸುತ್ತಿದ್ದ ತರುಣರಿದ್ದರು. ಊರಿನಿಂದ ಯಾವುದೋ ಕೆಲಸಕ್ಕೆ ಬಂದು, ಮರುಪ್ರಯಾಣದ ಬಸ್ಸಿಗೆ ಹೊತ್ತಾಗುವವರೆಗೆ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ ರೈತನೊಬ್ಬನಿದ್ದನು. ಬುರಖಾ ತೊಟ್ಟ ತಾಯಿಯೊಬ್ಬಳು, ಇಳಕಲ್ಲು ಸೀರೆಯ ಅಜ್ಜಿಯೊಬ್ಬಳು ಒಂದೇ ಆಸನದ ಎರಡು ತುದಿಗಳಲ್ಲಿ ಕುಳಿತಿದ್ದರು. ಇಬ್ಬರ ಮಕ್ಕಳೂ ನಡುವೆ ಒಂದಾಗಿ ಆಡುತ್ತಿದ್ದರು. ಯಾರ ಮಗ, ಯಾವ ಓಣಿ, ಯಾವ ಜಾತಿ ಎಂದು ಕೇಳದೆ ಕುಳ್ಳಿರಿಸುವ ಸ್ಥಳಗಳು ನಗರದಲ್ಲಿ ಎಷ್ಟಿವೆ? ಹೋಟೆಲಿನಲ್ಲಿ ಏನಾದರೂ ಕೊಳ್ಳಬೇಕು, ಕಚೇರಿಯಲ್ಲಿ ಕೆಲಸವಿರಬೇಕು, ನೆಂಟರ ಮನೆಯಲ್ಲಿ ನೆಂಟಸ್ತಿಕೆಯಿರಬೇಕು. ಏನೂ ಇಲ್ಲದವನು ಏನನ್ನೂ ಹೇಳದೆ ಕುಳಿತಿರಬಹುದಾದ ಸ್ಥಳ ಉದ್ಯಾನವೊಂದೇ. ‘ಯಾರದೂ ಅಲ್ಲ, ಎಲ್ಲರದು’ ಎಂದು ಮಾಲಿಯು ಹೇಳಿದ ಮಾತು ಅಷ್ಟು ವರ್ಷಗಳ ಮೇಲೂ ಅಲ್ಲಿ ನಡೆಯುತ್ತಿದ್ದಿತು. ಹುಲ್ಲುಹಾಸು ಕುಗ್ಗಿದ್ದರೂ ದಾಸೋಹವು ಕುಗ್ಗಿರಲಿಲ್ಲ.

ಎದ್ದು ಹೊರಡುವ ಮುನ್ನ ನಮಗೆ ಬೇವಿನ ಸಾಲು ನೆನಪಾಯಿತು. ಹುಡುಕಿದೆವು, ಸಿಕ್ಕಿತು. ಮುಟ್ಟಿ ಮುಟ್ಟಿ ಎಣಿಸುವ ವಯಸ್ಸು ಮೀರಿದ್ದರೂ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮುಟ್ಟಿಯೇ ಎಣಿಸಿದೆವು. ದೊಡ್ಡ ಬೇವುಗಳು 14 ಇದ್ದವು. ಬಾಲ್ಯದಲ್ಲಿ ಎರಡು ಕೈಗಳ ತೆಕ್ಕೆಗೆ ಸಿಕ್ಕುತ್ತಿದ್ದ ಬೊಡ್ಡೆಗಳು ಈಗಿನ ತೋಳುಗಳಿಗೂ ಸರಿಯಾಗಿ ಒಂದು ತೆಕ್ಕೆಯಾಗಿದ್ದವು. ಎಲ್ಲವೂ ಕುಗ್ಗಿದ್ದ ಆ ತೋಟದಲ್ಲಿ ನಮ್ಮೊಡನೆ ಬೆಳೆದು, ನಮ್ಮ ಅಳತೆಗೆ ಸರಿಯಾಗಿ ಉಳಿದದ್ದು ಅವು ಮಾತ್ರ. ಉಳಿದ ಮೂರು ಗಾಳಿಗೋ ಮುಪ್ಪಿಗೋ ಬಿದ್ದುಹೋಗಿರಬೇಕು. ಆದರೆ ಅವು ಇದ್ದ ಮೂರು ತಾಣಗಳಲ್ಲಿ, ಮುಳ್ಳಿನ ಕಾವಲಿನ ನಡುವೆ, ಎದೆಯೆತ್ತರದ ಮೂರು ಬೇವಿನ ಸಸಿಗಳು ನಿಂತಿದ್ದವು. ಮತ್ತೆ 17.

ಆ ಸಸಿಗಳನ್ನು ನೆಟ್ಟವರು ನಮ್ಮ ಎಣಿಕೆಯನ್ನು ಬಲ್ಲವರಲ್ಲ. ಅವರದೇ ಒಂದು ಎಣಿಕೆಯು ಅವರಿಗಿದ್ದಿರಬೇಕು. ಸಾಲಿನಲ್ಲಿ ಮೂರು ಹಲ್ಲು ಬಿದ್ದುದು ಅವರ ಕಣ್ಣಿಗೆ ಚುಚ್ಚಿರಬೇಕು. ಉದ್ಯಾನವು ಉಳಿಯುವುದು ಹೀಗೆಯೇ. ಹಾಕಿಸಿದ ದೊರೆಯ ಹೆಸರಿನಿಂದಲ್ಲ, ಬರಿಯ ಕಾಯಿದೆಯಿಂದಲ್ಲ, ನಮ್ಮಂಥವರ ನಿಟ್ಟುಸಿರಿನಿಂದ ಮೊದಲೇ ಅಲ್ಲ. ಬಿದ್ದುದನ್ನು ಲೆಕ್ಕವಿಟ್ಟು ಅದರ ತಾಣದಲ್ಲಿ ಇನ್ನೊಂದನ್ನು ನೆಡುವವರಿಂದ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಊರಿನ ಉದ್ಯಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಹೂಗಳನ್ನು ತೋರಿಸಿರಿ, ಜೋಕಾಲಿಯಲ್ಲಿ ಕೂಡಿಸಿರಿ, ಎಲ್ಲವನ್ನೂ ಮಾಡಿರಿ. ಆದರೆ ಒಂದು ಸಾಲಿನ ಮರಗಳನ್ನು ಅವರಿಂದ ಎಣಿಸಿ, ಸಂಖ್ಯೆಯನ್ನು ಬರೆದಿಡಿಸಿರಿ. ಹುಲ್ಲುಹಾಸಿನ ವಿಸ್ತಾರವನ್ನು ಅವರ ನೆನಪು ಹಿಗ್ಗಿಸೀತು, ಬೇಲಿಯ ಎತ್ತರವನ್ನು ಹೆಚ್ಚಿಸೀತು. ಎಣಿಕೆಯನ್ನು ಮಾತ್ರ ಹೆಚ್ಚಿಸಲಾರದು, ಕುಗ್ಗಿಸಲಾರದು. ಮುಂದೊಂದು ದಿನ ಅವರು ಅದೇ ಬಾಗಿಲಿಗೆ ಬಂದು ‘ಇಷ್ಟೆಯೇ?’ ಎಂದಾಗ, ಕುಗ್ಗಿದ್ದು ತಮ್ಮ ಕಣ್ಣೋ ಉದ್ಯಾನವೋ ಎಂಬುದನ್ನು ಆ ಒಂದು ಸಂಖ್ಯೆಯು ಹೇಳುತ್ತದೆ. ಸಂಖ್ಯೆಯು ಕಡಮೆಯಾಗಿದ್ದರೆ, ಎಷ್ಟು ಸಸಿಗಳು ಬೇಕೆಂಬುದನ್ನೂ ಹೇಳುತ್ತದೆ.